ಒಂದೇ ಪೆಡಲು, ನಾಲ್ಕು ನಿಂಬೆಹಣ್ಣು

ಕಾರು ಮನೆಗೆ ಬರುವ ಮೊದಲು ನುಗ್ಗಿಕೇರಿ ಹಣಮಪ್ಪನ ಗುಡಿಗೆ ಹೋಗಿತ್ತು. ಶನಿವಾರ. ಗದ್ದಲ ಹೇಳುವುದೇ ಬೇಡ. ನಮ್ಮ ಪಕ್ಕದಲ್ಲಿ ಒಂದು ಹೊಸ ಟ್ರ್ಯಾಕ್ಟರ್, ಅದರಾಚೆ ಎರಡು ಬೈಕು, ಎಲ್ಲರೂ ಪೂಜೆಗೆ ಸಾಲಾಗಿ ನಿಂತಿದ್ದರು. ಹಾರ ಹಾಕಿ, ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕೂ ಗಾಲಿಗೆ ಒಂದೊಂದು ನಿಂಬೆಹಣ್ಣು ಇಟ್ಟರು. "ಸಾವಕಾಶ ಒಂದ್ ಮೊಳ ಮುಂದ ತಗೊಳ್ರಿ ಅಕ್ಕಾರ" ಅಂದರು ಆಚಾರ್ಯರು.

ಒಂದು ಮೊಳ. ಹಳೆ ಡೀಸೆಲ್ ಕಾರಿನಲ್ಲಾಗಿದ್ದರೆ ಹಾಫ್ ಕ್ಲಚ್‌ನಲ್ಲಿ ಮಾತಾಡುತ್ತಲೇ ಮುಗಿಸಿಬಿಡುತ್ತಿದ್ದೆ. ಇದು ಎಲೆಕ್ಟ್ರಿಕ್ ಕಾರು, ಇದರಲ್ಲಿ ಕ್ಲಚ್ಚೇ ಇಲ್ಲ. ಬ್ರೇಕಿನಿಂದ ಕಾಲು ತೆಗೆದೆ. ಕಾರು ಅಲ್ಲಾಡಲಿಲ್ಲ. ಎಕ್ಸಲರೇಟರ್ ಸ್ವಲ್ಪ ಒತ್ತಿದೆ. ಗಾಲಿ ಹಣ್ಣಿಗೆ ತಾಗಿ ನಿಂತಿತು. ಇನ್ನೊಂಚೂರು ಒತ್ತಿದೆ. ಕಾರು ಹಣ್ಣು ಹತ್ತಿ, ಇಳಿದು, ಮುಂದಕ್ಕೆ ಜಿಗಿಯಿತು. ಹೆದರಿ ಕಾಲೆತ್ತಿದೆ. ಗಕ್ಕನೆ ನಿಂತಿತು. ಪಕ್ಕದಲ್ಲಿ ಕುಳಿತ ಅಪ್ಪನ ಟೊಪ್ಪಿಗೆ ಡ್ಯಾಶ್‌ಬೋರ್ಡ್ ಮೇಲೆ ಬಿತ್ತು. ಇಳಿದು ನೋಡಿದರೆ ಮೂರು ಹಣ್ಣು ಒಡೆದಿದ್ದವು. ನಾಲ್ಕನೆಯದು ಚಿಮ್ಮಿ ಟ್ರ್ಯಾಕ್ಟರ್ ಕೆಳಗೆ ಹೋಗಿತ್ತು.

"ಮೂವತ್ತೊಂದು ವರ್ಷ ಬಸ್ಸು ಹೊಡದೀನಿ. ಹಿಂಗ ನಿಲ್ಲಿಸಿದ್ರ ಮಂದಿ ನನ್ನ ಬಡೀತಿದ್ರು" ಅಂದರು ಅಪ್ಪ. ಅವರು ಸಾರಿಗೆ ಸಂಸ್ಥೆಯ ನಿವೃತ್ತ ಡ್ರೈವರ್. ನನಗೆ ಗಾಡಿ ಕಲಿಸಿದವರೂ ಅವರೇ.

ಅದಾಗಿ ಹನ್ನೊಂದು ತಿಂಗಳಾಯಿತು. ಕಾರು 12,400 ಕಿಲೋಮೀಟರ್ ಓಡಿದೆ. ನಾನು ಹುಬ್ಬಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ದಿನಾ ಹೋಗಿ ಬರುವುದು ಸುಮಾರು 40 ಕಿಲೋಮೀಟರ್, ಆಗಾಗ ಗದಗಿಗೆ ತಂಗಿಯ ಮನೆಗೆ. ಕಾರಿನ ಹೆಸರು ಹೇಳುವುದಿಲ್ಲ. ಕೆಳಗೆ ಬೈಗುಳವೂ ಇದೆ, ಆ ಬೈಗುಳದಲ್ಲಿ ಅರ್ಧ ನನ್ನ ಕಾಲಿಗೇ ಸೇರಬೇಕಾದದ್ದು. ರೇಂಜ್, ಸ್ಕ್ರೀನ್, ಸನ್‌ರೂಫ್ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಬರೆಯುವುದು ಒಂದೇ ವಿಷಯ: ಒನ್ ಪೆಡಲ್ ಡ್ರೈವಿಂಗ್. ಅದರಲ್ಲೂ ಗೇಟಿನ ಹತ್ತಿರದ ಕೊನೆಯ ಹದಿನಾರು ಅಡಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಕ್ಸಲರೇಟರ್ ಒತ್ತಿದರೆ ಕಾರು ಹೋಗುತ್ತದೆ, ಕಾಲೆತ್ತಿದರೆ ತಾನೇ ವೇಗ ಇಳಿಸಿಕೊಂಡು ನಿಲ್ಲುತ್ತದೆ. ಕಾಲೆತ್ತಿದ ಕೂಡಲೇ ಮೋಟಾರು ಡೈನಮೋ ಆಗಿಬಿಡುತ್ತದೆ. ಗಾಲಿ ಮೋಟಾರನ್ನು ತಿರುಗಿಸುತ್ತದೆ, ಹುಟ್ಟಿದ ಕರೆಂಟು ಬ್ಯಾಟರಿಗೆ ಹೋಗುತ್ತದೆ, ಆ ಹೊರೆಗೆ ಕಾರಿನ ವೇಗ ಇಳಿಯುತ್ತದೆ. ಇದಕ್ಕೆ ರೀಜೆನ್ ಅಂತಾರೆ. ಚಿಕ್ಕವರಿದ್ದಾಗ ಸೈಕಲ್ಲಿನ ಡೈನಮೋ ಹಾಕಿದರೆ ಪೆಡಲು ಭಾರವಾಗುತ್ತಿತ್ತಲ್ವಾ, ಅದೇ ಇದು. ಹೊಸ ವಿದ್ಯೆಯೇನಲ್ಲ. ನಮ್ಮ ಮನೆಯವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದಾರೆ. ಈಗಿನ ತ್ರೀ ಫೇಸ್ ಇಂಜಿನ್ನುಗಳು ಬ್ರೇಕ್ ಹಾಕುವಾಗ ಮೇಲಿನ ತಂತಿಗೆ ಕರೆಂಟು ವಾಪಸ್ ಕೊಡುತ್ತವೆ ಅಂತ ಅವರು ಯಾವಾಗಲೋ ಹೇಳಿದ್ದರು. "ಅದರಾಗೇನ್ ಅದ, ಅಷ್ಟ್ ದೊಡ್ಡ ರೈಲು ನಿಲ್ಲಸ್ತಾರ, ನಿನಗ ಕಾರು ನಿಲ್ಲಸೂದು ಬರೂದಿಲ್ಲೇನು?" ಅಂತ ಕೇಳಿದರು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಅವರಿಗೆ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ನನಗಿರುವುದು ಹದಿನಾರು ಅಡಿ ಶೆಡ್ಡು.

ಮೊದಲು ಹೊಗಳಿಬಿಡುತ್ತೇನೆ. ಹುಬ್ಬಳ್ಳಿ-ಧಾರವಾಡ ರಸ್ತೆಗೆ ಹೇಳಿ ಮಾಡಿಸಿದ ಹಾಗಿದೆ ಈ ಮೋಡು. ನಡುವಿನ ಲೇನುಗಳಲ್ಲಿ ಚಿಗರಿ ಬಸ್ಸು ಸುಂಯ್ ಅಂತ ಹೋಗುತ್ತಿರುತ್ತದೆ, ಪಕ್ಕದಲ್ಲಿ ಉಳಿದವರೆಲ್ಲ ಒಬ್ಬರ ಹಿಂದೊಬ್ಬರು. ನವನಗರ, ಭೈರಿದೇವರಕೊಪ್ಪ, ಉಣಕಲ್ ದಾಟುವಷ್ಟರಲ್ಲಿ ಹಳೆ ಕಾರಿನಲ್ಲಿ ಎಡಗಾಲು ಸೋತುಹೋಗುತ್ತಿತ್ತು. ಈಗ ಮುಂದಿನ ಆಟೋ ನಿಧಾನ ಆದರೆ ಕಾಲು ಸ್ವಲ್ಪ ಎತ್ತುತ್ತೇನೆ, ಅದು ಹೊರಟರೆ ಸ್ವಲ್ಪ ಒತ್ತುತ್ತೇನೆ. ಎಷ್ಟೋ ದಿನ ಮಾಳಮಡ್ಡಿಯಿಂದ ವಿದ್ಯಾನಗರದವರೆಗೆ ಬ್ರೇಕ್ ಪೆಡಲ್ ಮುಟ್ಟಿದ್ದೇ ನಾಲ್ಕೈದು ಸಲ. ಎರಡು ವಾರಕ್ಕೆ ಕಾಲಿಗೆ ರೂಢಿಯಾಯಿತು. ಅಪ್ಪನ ಟೊಪ್ಪಿಗೆಯೂ ಬೀಳುವುದು ನಿಂತಿತು.

ಮುಂದಿನ ಕಷ್ಟಕ್ಕೆ ಬೀಜ ಬಿದ್ದದ್ದು ಈ ಸುಖದಲ್ಲೇ.

ನಮ್ಮ ಗೇಟು ಏಳೂವರೆ ಅಡಿ ಅಗಲ. ಮನೆ ಕಟ್ಟಿಸುವಾಗ ಅಪ್ಪನ ಕಣ್ಣಮುಂದೆ ಇದ್ದದ್ದು ಸ್ಕೂಟರು. ಕಾರು ಹತ್ತಿರಹತ್ತಿರ ಆರಡಿ. ಎರಡೂ ಬದಿಯ ಕನ್ನಡಿ ಲೆಕ್ಕ ಹಾಕಿದರೆ ಆಚೆ ಈಚೆ ಒಂದೊಂದು ಗೇಣೂ ಉಳಿಯುವುದಿಲ್ಲ. ಗೇಟಿನ ಮುಂದೆ ಗಟಾರ, ಅದರ ಮೇಲೆ ಫರಸಿ. ಫರಸಿಗೂ ರಸ್ತೆಗೂ ಮೂರು ಇಂಚಿನ ಏರು. ಓಣಿಯೇ ಇಳಿಜಾರು. ಶೆಡ್ಡಿನ ಕೊನೆಗೆ ಅವ್ವನ ಒಳಕಲ್ಲು. ಅವ್ವ ಹೋಗಿ ಒಂಬತ್ತು ವರ್ಷವಾಯಿತು. ಅದನ್ನು ಎತ್ತಿಡಲು ಅಪ್ಪ ಬಿಡುವುದಿಲ್ಲ, ನಾನೂ ಕೇಳುವುದಿಲ್ಲ.

ಮೂರು ಇಂಚಿನ ಏರು ಅಂದರೆ ಏನು ಮಹಾ ಅನಿಸುತ್ತದೆ. ಡೀಸೆಲ್ ಕಾರು ಹಾಫ್ ಕ್ಲಚ್‌ನಲ್ಲಿ ಗುರ್ ಅಂತ ಹತ್ತಿ, ಹತ್ತಿದ ಮೇಲೆ ತಾನೇ ಸುಮ್ನಾಗುತ್ತಿತ್ತು. ಇಂಜಿನ್ನಿನ ಸದ್ದಿನಲ್ಲೇ ಎಷ್ಟು ಜೋರು ಬಿದ್ದಿದೆ ಅಂತ ಕಿವಿಗೆ ಗೊತ್ತಾಗುತ್ತಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಆ ಸದ್ದಿಲ್ಲ. ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಟಾರ್ಕ್, ಅಂದರೆ ಗಾಲಿ ತಿರುಗಿಸುವ ಬಲ, ಇದೆ. ಏರಿಗೆ ಗಾಲಿ ತಾಗಿ ನಿಲ್ಲುತ್ತದೆ, ನೀವು ಒತ್ತುತ್ತೀರಿ, ಇನ್ನೂ ಒತ್ತುತ್ತೀರಿ, ಗಾಲಿ ಮೇಲೆ ಬಂತು ಅನ್ನುವಷ್ಟರಲ್ಲಿ ಅಷ್ಟೂ ಜೋರು ಸಪಾಟು ನೆಲದ ಮೇಲೆ ಉಳಿದುಬಿಡುತ್ತದೆ. ಕಾಲೆತ್ತಿದರೆ ಗಕ್ಕನೆ ನಿಲ್ಲುತ್ತದೆ. ಆಗ ಮುಂದಿನ ಗಾಲಿ ಮೇಲೆ, ಹಿಂದಿನ ಗಾಲಿ ಇನ್ನೂ ರಸ್ತೆಯಲ್ಲಿ. ಅಂದರೆ ಇದೇ ಆಟ ಎರಡನೇ ಸಲ ಆಡಬೇಕು. ಈ ಸಲ ಮೂತಿ ಒಳಕಲ್ಲಿಗೆ ಹತ್ತಿರ.

ಮೂರನೇ ತಿಂಗಳು, ಒಂದು ಮಳೆ ಸಂಜೆ, ಚಪ್ಪಲಿ ಒದ್ದೆ. ಹಿಂದಿನ ಗಾಲಿ ಹತ್ತಿಸಲು ಒತ್ತಿದೆ, ಹತ್ತಿತು, ಕಾರು ಮುನ್ನುಗ್ಗಿತು. ನಿಲ್ಲಿಸಬೇಕು ಅಂತ ತಲೆ ಹೇಳಿತು. ಕಾಲು ಏನು ಮಾಡಿತು ಗೊತ್ತಾ? ಇದ್ದಲ್ಲೇ ಒತ್ತಿತು. ಮೂವತ್ತು ವರ್ಷ ಗಾಬರಿಯಾದಾಗಲೆಲ್ಲ ಒತ್ತಿಯೇ ಅಭ್ಯಾಸ, ಯಾಕಂದರೆ ಅಂಥ ಹೊತ್ತಿನಲ್ಲಿ ಕಾಲ ಕೆಳಗೆ ಇರುತ್ತಿದ್ದದ್ದು ಬ್ರೇಕು. ಈ ಸಲ ಇದ್ದದ್ದು ಎಕ್ಸಲರೇಟರ್. ಒಳಕಲ್ಲಿಗೆ ಏನೂ ಆಗಲಿಲ್ಲ. ಬಂಪರ್ ಒಂದು ಗೇಣು ಉದ್ದ ತರಚಿತು, ಕೆಳಗಿನ ಕ್ಲಿಪ್ಪು ಮುರಿಯಿತು. ಸೆನ್ಸರು ಪಾಪ ಮೊದಲಿನಿಂದಲೂ ಕುಂಯ್‌ಗುಡುತ್ತಲೇ ಇತ್ತು. ಏಳೂವರೆ ಅಡಿ ಗೇಟಿನಲ್ಲಿ ಅದು ಯಾವಾಗಲೂ ಕುಂಯ್‌ಗುಡುತ್ತದೆ, ಹಾಗಾಗಿ ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದೆ.

ಅಪ್ಪ ಪಡಸಾಲೆಯಿಂದ ಎದ್ದು ಬಂದರು. ಮೊದಲು ಒಳಕಲ್ಲು ನೋಡಿದರು, ಆಮೇಲೆ ನನ್ನನ್ನು. ಬೈಯಲಿಲ್ಲ. "ನಿನ್ನ ಕಾಲು ಎಲ್ಲಿತ್ತವ್ವಾ?" ಅಂತ ಕೇಳಿದರು. ಹೇಳಿದೆ. "ಗಾಡಿ ಮೆಲ್ಲಕ ಹೊಂಟಾಗ ಕಾಲು ಬ್ರೇಕಿನ ಮ್ಯಾಲ ಇರಬೇಕು. ಜೋರು ಹೊಂಟಾಗ ಎಲ್ಲೆರ ಇರ್ಲಿ."

ಕೇಳಲಿಕ್ಕೆ ಉಲ್ಟಾ ಅನಿಸುತ್ತದೆ. ಆದರೆ ಯೋಚಿಸಿ ನೋಡಿ. ರಸ್ತೆಯಲ್ಲಿ ನಿಮಗೂ ಮುಂದಿನ ಗಾಡಿಗೂ ನಡುವೆ ಜಾಗ ಇರುತ್ತದೆ, ಕಾಲು ಬದಲಿಸಲು ಸಮಯ ಇರುತ್ತದೆ. ಗೇಟಿನಲ್ಲಿ ಎರಡು ಅಡಿ ಇರುತ್ತದೆ. ಆ ಎರಡು ಅಡಿಯಲ್ಲಿ ಗಾಬರಿಯ ಕಾಲು ಕೆಳಗಿದ್ದದ್ದನ್ನು ಒತ್ತಿಯೇ ಒತ್ತುತ್ತದೆ. ಕೆಳಗಿರುವುದು ಬ್ರೇಕಾಗಿದ್ದರೆ ಬದುಕಿದಿರಿ.

ಹಾಗಾದರೆ ಕಾಲು ಬ್ರೇಕಿನ ಮೇಲಿಟ್ಟು ಕಾರು ಮುಂದೆ ಹೋಗುವುದು ಹೇಗೆ? ಅದಕ್ಕೆ ಕ್ರೀಪ್ ಬೇಕು. ಪೆಟ್ರೋಲ್ ಆಟೋಮ್ಯಾಟಿಕ್ ಓಡಿಸಿದವರಿಗೆ ಗೊತ್ತು: ಬ್ರೇಕ್ ಬಿಟ್ಟರೆ ಅದು ತಾನೇ ನಡಿಗೆಯ ವೇಗದಲ್ಲಿ ತೆವಳುತ್ತದೆ. ಅಲ್ಲಿ ಅದು ಇಂಜಿನ್ನಿನ ಬಲವನ್ನು ಗಾಲಿಯ ಕಡೆ ದಾಟಿಸುವ ಟಾರ್ಕ್ ಕನ್ವರ್ಟರಿನ ಸಹಜ ಗುಣ, ಇಂಜಿನ್ ಸದಾ ತಿರುಗುತ್ತಿರುತ್ತದಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ತೆವಳುವ ಕಾರಣವೇ ಇಲ್ಲ. ಮೋಟಾರು ನಿಂತರೆ ನಿಂತಿತು. ಬೇಕಾದರೆ ಸಾಫ್ಟ್‌ವೇರಿನಿಂದ ತೆವಳಿಸಬೇಕು. ಟೆಸ್ಲಾ ಕಾರುಗಳಲ್ಲಿ ಕ್ರೀಪ್ (ತೆವಳು), ರೋಲ್ (ಉರುಳು), ಹೋಲ್ಡ್ (ನಿಂತು ಹಿಡಿದುಕೋ) ಅಂತ ಮೂರು ಆಯ್ಕೆ ಇಟ್ಟಿದ್ದು ಇದಕ್ಕೇ. ನಿಸಾನ್ 2017ರಲ್ಲಿ ಲೀಫ್ ಕಾರಿಗೆ ಇ-ಪೆಡಲ್ ತಂದಾಗ, ಕಾಲೆತ್ತಿದರೆ ಪೂರ್ತಿ ನಿಂತು ಇಳಿಜಾರಿನಲ್ಲೂ ಹಿಡಿದುಕೊಳ್ಳುವುದೇ ಅದರ ದೊಡ್ಡ ಹೆಮ್ಮೆಯಾಗಿತ್ತು. ಮುಂದೆ ಅದೇ ಕಂಪನಿ ಅರಿಯಾ ಕಾರಿಗೆ ಕೊಟ್ಟ ಇ-ಸ್ಟೆಪ್ ಕಾರನ್ನು ಪೂರ್ತಿ ನಿಲ್ಲಿಸುವುದಿಲ್ಲ. ಕೊನೆಗೆ ಬ್ರೇಕನ್ನು ನೀವೇ ಒತ್ತಬೇಕು. ನನ್ನ ಒಳಕಲ್ಲಿನ ಪಾಠ ಜಪಾನಿಗೂ ತಲುಪಿತೋ ಏನೋ ಅಂತ ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತೇವೆ.

ನನ್ನ ಕಾರಿನಲ್ಲೂ ಕ್ರೀಪ್ ಇದೆ. ಆದರೆ ಎಲ್ಲಿದೆ? ಸ್ಕ್ರೀನಿನೊಳಗೆ, ವಾಹನ, ಡ್ರೈವಿಂಗ್, ಇತರೆ, ಹೀಗೆ ಮೂರು ಬಾಗಿಲು ದಾಟಿ. ಇದು ನನ್ನ ಮೊದಲ ಬೈಗುಳ. ಸೀಟಿನ ಬೆನ್ನು ತಂಪು ಮಾಡಲು ಹೊರಗೇ ಬಟನ್ನಿದೆ, ಗೇಟಿನೊಳಗೆ ಹೋಗಲು ಬೇಕಾದದ್ದು ಒಳಗೆ ಅಡಗಿದೆ. ಕಾರು ಕೊಡುವ ದಿನ ಶೋರೂಮಿನವರು ಬಣ್ಣದ ಲೈಟು ಬದಲಿಸುವುದನ್ನು ಹತ್ತು ನಿಮಿಷ ತೋರಿಸಿದರು. ಕ್ರೀಪ್ ಬಗ್ಗೆ ಒಂದು ಮಾತಿಲ್ಲ. ಈಗ ಸ್ಟೀರಿಂಗ್ ಮೇಲಿನ ಸ್ಟಾರ್ ಬಟನ್ನಿಗೆ ಅದನ್ನು ಕಟ್ಟಿಕೊಂಡಿದ್ದೇನೆ. ಓಣಿಯ ಮೂಲೆ ತಿರುಗುವಾಗ ಒಂದು ಸಲ ಒತ್ತುತ್ತೇನೆ. ಒನ್ ಪೆಡಲ್ ಆಫ್, ಕ್ರೀಪ್ ಆನ್.

ಇನ್ನೊಂದು ಗುಟ್ಟು: ಆಟೋ ಹೋಲ್ಡ್ ಕೂಡ ಬಂದ್ ಮಾಡಬೇಕು. ಇಲ್ಲದಿದ್ದರೆ ಬ್ರೇಕ್ ಒತ್ತಿ ನಿಲ್ಲಿಸಿದಾಗಲೆಲ್ಲ ಅದು ಗಾಲಿ ಹಿಡಿದುಕೊಳ್ಳುತ್ತದೆ. ಬಿಡಿಸಬೇಕಾದರೆ ಎಕ್ಸಲರೇಟರ್ ಮುಟ್ಟಬೇಕು. ಮತ್ತೆ ಅದೇ ಜಿಗಿತ. ಇದು ತಿಳಿಯಲು ನನಗೆ ಒಂದು ವಾರ ಬೇಕಾಯಿತು.

ಕ್ರೀಪ್ ಹಾಕಿದ ಮೇಲೆ ಗೇಟಿನ ಕೆಲಸ ಬೇರೆಯೇ ಆಯಿತು. ಮೂರು ಇಂಚಿನ ಏರಿಗೆ ಮಾತ್ರ ಬರಿ ಕ್ರೀಪ್ ಸಾಲುವುದಿಲ್ಲ, ಗಾಲಿ ತಾಗಿ ನಿಂತುಬಿಡುತ್ತದೆ. ಆಗ ಒಂದು ಕೂದಲೆಳೆಯಷ್ಟು ಒತ್ತಿ, ಗಾಲಿ ಏರಿದ ಕೂಡಲೇ ಕಾಲು ಬ್ರೇಕಿಗೆ ತರುತ್ತೇನೆ. ಕೊನೆಗೆ ಗೌಂಡಿಯನ್ನು ಕರೆಸಿ ಫರಸಿಯ ಮುಂದೆ ಎರಡು ಬುಟ್ಟಿ ಕಾಂಕ್ರೀಟು ಹಾಕಿಸಿ ಇಳುಕಲು ಮಾಡಿಸಿದೆ. ಹನ್ನೊಂದು ತಿಂಗಳಲ್ಲಿ ಈ ಕಾರಿಗೆ ಮಾಡಿದ ಅತ್ಯುತ್ತಮ ಖರ್ಚು ಅದು.

ನಮ್ಮ ಮನೆಯವರಿಗೆ ಒಂದು ಚಿಂತೆ ಇತ್ತು. ಒನ್ ಪೆಡಲ್ ಬಂದ್ ಮಾಡಿದರೆ ಬ್ಯಾಟರಿಗೆ ಬರುವ ಕರೆಂಟು ಹಾಳಲ್ಲವೇ? ಹಲಗೆ ಮೇಲೆ ಬರೆಯುವ ಚಟ ನನಗೆ, ಲೆಕ್ಕ ಮಾಡಿ ತೋರಿಸಿದೆ. ಕಾರಿನ ತೂಕ ಸುಮಾರು 1600 ಕಿಲೋ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ 1540 ಜೂಲ್ ಚಿಲ್ಲರೆ. ಅಷ್ಟೂ ವಾಪಸ್ ಬಂದರೂ ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಮೂರು ನಿಮಿಷವೂ ಉರಿಯುವುದಿಲ್ಲ. ಅದೇ 36 ಕಿಲೋಮೀಟರ್ ವೇಗದಲ್ಲಿ 80,000 ಜೂಲ್. ಉಳಿಸುವುದು ಇದ್ದರೆ ಉಣಕಲ್ ಸಿಗ್ನಲ್ಲಿನಲ್ಲಿ ಉಳಿಸಬೇಕು, ಗೇಟಿನಲ್ಲಲ್ಲ. ಅವರು ಒಪ್ಪಿದರು. ಲೈಟ್ ಬಿಲ್ಲು ಕಟ್ಟುವವರು ಒಪ್ಪಿದರೆ ಮುಗಿಯಿತು.

ಎರಡನೇ ಬೈಗುಳ ಫುಲ್ ಚಾರ್ಜಿನದು. ರಾತ್ರಿ ಮನೆಯಲ್ಲೇ ಚಾರ್ಜಿಗೆ ಹಾಕುತ್ತೇನೆ. ಗದಗಿಗೆ ಹೋಗುವ ದಿನ ಅಂತ ಒಮ್ಮೆ ಪೂರ್ತಿ 100 ಮಾಡಿದೆ. ಬೆಳಿಗ್ಗೆ ಗೇಟಿನಿಂದ ಇಳಿಜಾರಿಗೆ ಬಂದು ಕಾಲೆತ್ತಿದರೆ ಕಾರು ದಿನದ ಹಾಗೆ ಹಿಡಿಯಲೇ ಇಲ್ಲ. ಮೂಲೆಯ ಹಾಲಿನ ಅಂಗಡಿಯವರೆಗೂ ಜಾರುತ್ತಾ ಹೋಯಿತು. ಬ್ರೇಕ್ ಒತ್ತಿದೆ, ಸರಿಯಾಗಿ ನಿಂತಿತು. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿಯಲಾಗದಲ್ಲ, ಬ್ಯಾಟರಿಯಲ್ಲಿ ಜಾಗ ಇಲ್ಲದಿದ್ದರೆ ರೀಜೆನ್ ಕರೆಂಟು ಹೋಗುವುದೆಲ್ಲಿಗೆ? ಕೆಲವು ಕಾರುಗಳು ಇಂಥ ಹೊತ್ತಿನಲ್ಲಿ ಮಾಮೂಲಿ ಬ್ರೇಕನ್ನೇ ತಾವಾಗಿ ಸೇರಿಸಿ ಕಾಲಿಗೆ ವ್ಯತ್ಯಾಸ ಗೊತ್ತಾಗದ ಹಾಗೆ ಮಾಡುತ್ತವೆ. ನನ್ನದು ಮಾಡುವುದಿಲ್ಲ. ಸ್ಕ್ರೀನಿನ ಮೂಲೆಯಲ್ಲಿ ಒಂದು ಚಿಕ್ಕ ಚಿತ್ರ ಮಂಕಾಗುತ್ತದೆ, ಅಷ್ಟೇ. ನಮ್ಮಂಥ ಊರಿಗೆ ಇದು ಸಣ್ಣ ಮಾತಲ್ಲ. ಧಾರವಾಡ ಮೇಲಿದೆ, ಹುಬ್ಬಳ್ಳಿ ತಗ್ಗಿನಲ್ಲಿದೆ. ಧಾರವಾಡದವರು ಬೆಳಿಗ್ಗೆ ತುಂಬಿದ ಬ್ಯಾಟರಿಯೊಂದಿಗೆ ಇಳಿಯುವವರು. ರೀಜೆನ್ ಜಾಸ್ತಿ ಬೇಕಾದ ಹೊತ್ತಿನಲ್ಲೇ ಅದು ಕಮ್ಮಿ. ಈಗ 85ಕ್ಕೆ ನಿಲ್ಲಿಸುತ್ತೇನೆ.

ಹಿಂದಕ್ಕೆ ತೆಗೆಯುವಾಗ ಒನ್ ಪೆಡಲ್ ನನಗೆ ಸುತರಾಂ ಆಗುವುದಿಲ್ಲ. ಕತ್ತು ತಿರುಗಿಸಿ ಹಿಂದೆ ನೋಡುವಾಗ ಸೊಂಟ ತಿರುಗುತ್ತದೆ, ಸೊಂಟದ ಜೊತೆ ತೊಡೆ, ತೊಡೆಯ ಜೊತೆ ಪಾದ. ಪೆಡಲಿನ ಮೇಲಿನ ಒತ್ತಡ ನಮಗೆ ಗೊತ್ತಿಲ್ಲದೆ ಹೆಚ್ಚುಕಡಿಮೆ ಆಗಿ ಕಾರು ಕುಪ್ಪಳಿಸುತ್ತದೆ. ಕ್ಯಾಮೆರಾ ಇದೆ, ನಿಜ. ಮಳೆಗಾಲದಲ್ಲಿ ಅದರ ಕಣ್ಣಿಗೆ ರಾಡಿ ಮೆತ್ತಿರುತ್ತದೆ. ಕ್ರೀಪ್ ಹಾಕಿ, ಪಾದ ಬ್ರೇಕಿನ ಮೇಲಿಟ್ಟು ತಿರುಗಿದರೆ ಏನೂ ತೊಂದರೆಯಿಲ್ಲ.

ಲೈನ್ ಬಜಾರಿನಲ್ಲಿ ಫೇಡೆ ತರಲು ಹೋದಾಗ ಎರಡು ಕಾರಿನ ನಡುವೆ ತೂರಿಸುವುದು ಹೀಗೆಯೇ. ದುರ್ಗದ ಬೈಲಿಗಂತೂ ಕಾರು ಒಯ್ಯುವುದೇ ಇಲ್ಲ. ಅಲ್ಲಿ ಯಾವ ಮೋಡೂ ಕೆಲಸಕ್ಕೆ ಬರುವುದಿಲ್ಲ. ದೂರ ನಿಲ್ಲಿಸಿ ನಡೆದು ಹೋಗಿ ಗಿರಮಿಟ್ಟು ತಿಂದು ಬರುತ್ತೇನೆ.

ಅಪ್ಪ ಕೇಳಿದ ಇನ್ನೊಂದು ಪ್ರಶ್ನೆ ಒಳ್ಳೆಯದಿತ್ತು. "ಬ್ರೇಕ್ ತುಳೀಲಿಲ್ಲಂದ್ರ ಹಿಂದಿನವಗ ಹೆಂಗ ತಿಳೀಬೇಕು?" ವಿಶ್ವಸಂಸ್ಥೆಯ ವಾಹನ ನಿಯಮ 13-ಎಚ್ ಇದಕ್ಕೆ ಉತ್ತರ ಕೊಡುತ್ತದೆ. ರೀಜೆನ್‌ನಿಂದ ವೇಗ ಇಳಿಯುವುದು ಸೆಕೆಂಡಿಗೆ 1.3 ಮೀಟರ್ ಪ್ರತಿ ಸೆಕೆಂಡ್ ದಾಟಿದರೆ, ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 4.7 ಕಿಲೋಮೀಟರ್ ವೇಗ ಕಡಿಮೆಯಾದರೆ, ಬ್ರೇಕ್ ಲೈಟ್ ಹತ್ತಲೇಬೇಕು. 0.7ರಿಂದ 1.3ರ ನಡುವೆ ಹತ್ತಬಹುದು. ರಾತ್ರಿ ಓಣಿಯಲ್ಲಿ ಅಪ್ಪನನ್ನು ಕುರ್ಚಿ ಹಾಕಿ ಕೂರಿಸಿ ನಾಲ್ಕು ಸಲ ಓಡಿಸಿ ತೋರಿಸಿದೆ. ಪೂರ್ತಿ ಕಾಲೆತ್ತಿದರೆ ಹತ್ತಿತು, ಸ್ವಲ್ಪ ಎತ್ತಿದರೆ ಹತ್ತಲಿಲ್ಲ. "ಹಂಗಾರ ಛಲೋ" ಅಂದರು. ಅವರಿಂದ ಈ ಕಾರಿಗೆ ಸಿಕ್ಕ ಮೊದಲ ಹೊಗಳಿಕೆ.

ಬ್ರೇಕ್ ಬಳಸದೆ ಇಟ್ಟರೆ ಡಿಸ್ಕಿಗೆ ತುಕ್ಕು ಕೂರುತ್ತದೆ, ನಮ್ಮ ಧಾರವಾಡದ ಮಳೆಯಲ್ಲಂತೂ ಎರಡೇ ದಿನ ಸಾಕು. ವಾರಕ್ಕೊಮ್ಮೆ ರೀಜೆನ್ ಕಡಿಮೆ ಮಾಡಿ ಬರಿ ಬ್ರೇಕಿನಲ್ಲಿ ಓಡಿಸುತ್ತೇನೆ. ಕಾಲಿಗೂ ಬ್ರೇಕ್ ಎಲ್ಲಿದೆ ಅಂತ ನೆನಪಿರುತ್ತದೆ.

ಕಾರು ಕೊಳ್ಳುವ ಯೋಚನೆಯಲ್ಲಿದ್ದು ಇದನ್ನು ಓದುತ್ತಿದ್ದರೆ, ಶೋರೂಮಿನಲ್ಲಿ ಎರಡು ವಿಷಯ ಕೇಳಿ. ಒಂದು, ರೀಜೆನ್ ಹೆಚ್ಚು ಕಡಿಮೆ ಮಾಡುವುದು ಬೆರಳಿಗೆ ಸಿಗುತ್ತದೆಯೇ. ಟಾಟಾ ನೆಕ್ಸಾನ್ ಇವಿಯ 2023ರ ಮಾದರಿಯಿಂದ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ಗಳಲ್ಲೇ 0ಯಿಂದ 3ರವರೆಗೆ ಬದಲಿಸಬಹುದು. 2025ರಲ್ಲಿ ಬಂದ ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ ಐ-ಪೆಡಲ್ ಅನ್ನುವ ಒನ್ ಪೆಡಲ್ ಮೋಡು ಇದೆ. ಹೀಗೆ ಕೈಗೆ ಸಿಗುವುದೇ ಒಳ್ಳೆಯದು. ಎರಡು, ಒನ್ ಪೆಡಲ್ ತೆಗೆದಾಗ ಕಾರು ತೆವಳುತ್ತದೆಯೇ. ಟೆಸ್ಟ್ ಡ್ರೈವಿಗೆ ಗೋಕುಲ ರಸ್ತೆಯಲ್ಲಿ ನೇರಕ್ಕೆ ಓಡಿಸಿ ಖುಷಿಪಡಬೇಡಿ. ಕಾರನ್ನು ನಿಮ್ಮ ಮನೆಗೇ ತರಿಸಿ, ನಿಮ್ಮ ಗೇಟಿನಲ್ಲಿ, ನಿಮ್ಮ ಗಟಾರದ ಮೇಲೆ, ಮೂರು ಸಲ ಒಳಗೆ ಹೊರಗೆ ಮಾಡಿ. ಸೇಲ್ಸ್ ಹುಡುಗ ಮುಖ ಹುಳ್ಳಗೆ ಮಾಡಿದರೆ ಮಾಡಲಿ.

ರಸ್ತೆಯ ಮೇಲೆ ಈ ಒನ್ ಪೆಡಲ್‌ಗೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಗೇಟಿನಲ್ಲಿ ಮೂರು. ಕ್ರೀಪ್ ಹಾಕಿದರೆ ಗೇಟಿನಲ್ಲೂ ಎಂಟು.

ಅಪ್ಪನ ಲೆಕ್ಕ ಬೇರೆ. ಈಗಲೂ ಕೆಲವು ಸಂಜೆ ಒಳಕಲ್ಲಿನ ಅಂಚಿಗೆ ಬಂಪರಿನ ಎತ್ತರಕ್ಕೆ ಒಂದು ನಿಂಬೆಹಣ್ಣು ಇಟ್ಟು ಕುಳಿತಿರುತ್ತಾರೆ. ಬಂಪರು ಹಣ್ಣಿಗೆ ತಾಗಬೇಕು, ಹಣ್ಣು ಒಡೆಯಬಾರದು. ಕಳೆದ ವಾರ ಐದರಲ್ಲಿ ನಾಲ್ಕು ಸಲ ಗೆದ್ದೆ. ಐದನೆಯದು ಶರಬತ್ತಾಯಿತು. ತರಚಿದ ಬಂಪರಿಗೆ ಬಣ್ಣ ಹಚ್ಚಿಸುತ್ತೇನೆ ಅಂದರೆ, "ಇನ್ನೊಂದೀಟು ದಿನ ತಡಿ" ಅನ್ನುತ್ತಾರೆ.